ವರ್ಗಮೂಲ ಬೇಡ

ಕೆಂಪು ಪೆನ್ಸಿಲ್ಲಿನ ಗುರುತು ಇದ್ದದ್ದು ಒಂದೇ ಕಡೆ. ಆದರೂ ಒಡೀಲಿಯ ಬೆಟನ್‌ಕೋರ್ಟ್‌ಗೆ ಹಾಳೆಯ ತುಂಬ ಕೆಂಪು ಚೆಲ್ಲಿದ ಹಾಗೆ ಕಂಡಿತು.

ಅಣುವಿದ್ಯುತ್ ಸ್ಥಾವರಗಳ ಪೈಪು, ತೊಲೆ, ಆಸರೆಗಳ ಬಲಾಬಲ ನೋಡುವ ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಲೆಕ್ಕ ಮಾಡಬೇಕು. ಅದಕ್ಕೆ ಕೈಹಾಕದ ಇನ್ನೊಬ್ಬರು ತಪಾಸಣೆ ಮಾಡಬೇಕು. ಸರಿಯಾದ ಪ್ರತಿ ಅಂಕಿಯ ಮೇಲೂ ಹಳದಿ ಪೆನ್ಸಿಲ್, ತಪ್ಪಿಗೆ ಕೆಂಪು. ಕೊನೆಗೆ ಎರಡು ಸಹಿ. ಒಡೀಲಿಯಳ ಹಾಳೆಗಳು ಫೆಬ್ರವರಿಯ ಸಾಸಿವೆ ಹೂವಿನ ಹೊಲದಂತೆ ಹಳದಿಯಾಗಿಯೇ ಹಿಂತಿರುಗುತ್ತಿದ್ದವು. ಅದು ಅವಳ ಹೆಮ್ಮೆ. ಸ್ಯಾನ್ ಹೋಸೆಯ ಆ ಕಚೇರಿಯ ಮೂರನೆಯ ಮಹಡಿಯಲ್ಲಿ ಅವಳೊಬ್ಬಳೇ ಹೆಣ್ಣು ಎಂಜಿನಿಯರು. ಹೆಮ್ಮೆ ಬಿಟ್ಟರೆ ಅವಳಿಗೆ ಅಲ್ಲಿ ಬೇರೆ ಆಸ್ತಿ ಇರಲಿಲ್ಲ.

ಈ ಸಲ ಹಳದಿಯ ನಡುವೆ ಒಂದು ಮೈನಸ್ ಚಿಹ್ನೆಯ ಸುತ್ತ ಕೆಂಪು ವೃತ್ತ. ಪಕ್ಕದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: 'ಇದು ಎಲ್ಲಿಂದ ಬಂತು?'

ಅಕ್ಷರ ಯಾರದೆಂದು ಕೇಳಬೇಕಿರಲಿಲ್ಲ. ಗ್ಲೆನ್ ಹಮಾಸಾಕಿ. ಚಳಿಗಾಲದ ಆರಂಭದಲ್ಲಿ ಶಿಕಾಗೋ ಕಚೇರಿಯಿಂದ ಬಂದವನು. ಬಂದ ಮೊದಲ ಮೀಟಿಂಗಿನಲ್ಲೇ ಅವಳ ಜೊತೆ ವಾದಕ್ಕೆ ಇಳಿದಿದ್ದವನು.

ವಾದ ಹಳೆಯದೇ. ಭೂಕಂಪದ ಏಟು ಪೈಪಿಗೆ ಬೀಳುತ್ತದೆ. ಒಳಗಿನ ಒತ್ತಡ ಏರಿ ರಿಲೀಫ್ ವಾಲ್ವ್ ತಟ್ಟನೆ ತೆರೆದರೆ ಇನ್ನೊಂದು ಏಟು ಬೀಳುತ್ತದೆ. ಎರಡನ್ನೂ ಕೂಡಿಸುವುದು ಹೇಗೆ? ಒಡೀಲಿಯಳದು ನೇರ ಲೆಕ್ಕ. ಒಂದು ಮೂರು, ಇನ್ನೊಂದು ನಾಲ್ಕು, ಒಟ್ಟು ಏಳು. ಹಮಾಸಾಕಿ ಕಪ್ಪುಹಲಗೆಯ ಮುಂದೆ ನಿಂತು, ಎರಡರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದು ಐದು ಎಂದು ಬರೆದಿದ್ದ.

"ಎರಡು ಏಟೂ ಪೂರ್ತಿ ಜೋರಲ್ಲಿ ಒಂದೇ ಕ್ಷಣಕ್ಕೆ ಬೀಳಲ್ಲ ಮಿಸ್ ಬೆಟನ್‌ಕೋರ್ಟ್. ಒಂದು ಏರೋವಾಗ ಇನ್ನೊಂದು ಇಳೀತಿರುತ್ತೆ. ನಮ್ಮ ಅದೃಷ್ಟ ಅಷ್ಟೊಂದು ಕೆಟ್ಟದಲ್ಲ" ಎಂದಿದ್ದ.

"ನಿಮ್ಮ ಅದೃಷ್ಟದ ವಿಷಯ ಗೊತ್ತಿಲ್ಲ. ನನ್ನ ಅದೃಷ್ಟದಲ್ಲಿ ಬೀಳುತ್ತೆ" ಎಂದಿದ್ದಳು ಅವಳು. ಇಡೀ ಮೀಟಿಂಗು ನಕ್ಕಿತ್ತು. ಅವನು ಮಾತ್ರ ನಗಲಿಲ್ಲ. ತಲೆ ಓರೆ ಮಾಡಿ, ಅದೊಂದು ಯೋಚಿಸಬೇಕಾದ ಮಾತೆಂಬಂತೆ ಅವಳನ್ನೇ ನೋಡಿದ್ದ. ಆ ನೋಟ ಅವಳಿಗೆ ಬಹಳ ದಿನ ಕಿರಿಕಿರಿ ಮಾಡಿತು. ಕಿರಿಕಿರಿ ಎಂದೇ ಅವಳು ಅಂದುಕೊಂಡಿದ್ದಳು.

ಈಗ ಹಾಳೆ ಹಿಡಿದು ಮೇಜುಗಳ ಸಾಲು ದಾಟಿ ನೇರ ಅವನ ಮುಂದೆ ನಿಂತಳು.

"ಮಿಸ್ಟರ್ ಹಮಾಸಾಕಿ, ನಂಗೆ ಕಳೆಯೋ ಲೆಕ್ಕ ಬರಲ್ಲ ಅಂತಾನಾ ನಿಮ್ಮ ಅಭಿಪ್ರಾಯ?"

ಅವನು ಎದ್ದು ನಿಂತ. ಆ ಮಹಡಿಯಲ್ಲಿ ಅವಳು ಬಂದರೆ ಯಾರೂ ಏಳುತ್ತಿರಲಿಲ್ಲ. ಬೈಯಲು ಬಂದವಳಿಗೆ ಅದೊಂದು ಅಡ್ಡಿಯಾಯಿತು.

"ಕೂತ್ಕೊಂಡು ಬೈರಿ" ಎಂದು ತನ್ನ ಕುರ್ಚಿಯನ್ನೇ ಅವಳ ಕಡೆ ತಿರುಗಿಸಿದ. "ನಿಂತ್ಕೊಂಡು ಬೈದ್ರೆ ಇಡೀ ಫ್ಲೋರಿಗೆ ಕೇಳುತ್ತೆ. ಆಮೇಲೆ ನಂಗೆ ಕಾಫಿ ಯಾರೂ ಕೊಡಲ್ಲ."

"ಈಗಲೂ ಯಾರೂ ಕೊಡ್ತಿಲ್ವಲ್ಲ."

"ಅದೂ ನಿಜಾನೇ." ಮೇಜಿನ ಮೇಲೆ ಪುಟ್ಟ ಕಿತ್ತಳೆಗಳ ಚೀಲವಿತ್ತು. ಒಂದನ್ನು ಅವಳ ಮುಂದಿಟ್ಟ. "ನಿಮ್ಮ ಕೂಡಿಸೋದೂ ಸರಿ, ಕಳೆಯೋದೂ ಸರಿ. ನಾನು ಕೇಳಿದ್ದು ಬೇರೆ. ಈ ಮೈನಸ್ ನಿಮ್ಮದಾ, ಮೆಷಿನ್‌ದಾ?"

"ಮೆಷಿನ್‌ದು. ಪ್ರಿಂಟ್‌ನಲ್ಲಿ ಹಂಗೇ ಇತ್ತು, ಹಂಗೇ ಇಳಿಸಿದೆ."

"ಭೂಕಂಪ ಯಾವ ಕಡೆಯಿಂದ ಬರುತ್ತೆ ಅಂತ ಮೆಷಿನ್‌ಗೆ ಯಾರು ಹೇಳಿದ್ರು?"

ಒಡೀಲಿಯ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಅವನ ಕುರ್ಚಿಯಲ್ಲಿ ಕುಳಿತಳು.

ಬುದ್ಧಿವಂತರಿಗೆ ಕೆಲವೊಮ್ಮೆ ಒಂದು ಪ್ರಶ್ನೆ ಸಾಕು. ಪೆಲಿಕನ್ ಬ್ಲಫ್ ಸ್ಥಾವರದ ರಿಯಾಕ್ಟರಿಗೆ ನೀರು ಒಯ್ಯುವ ಪೈಪಿನ ಲೆಕ್ಕ ಅದು. ಭೂಮಿ ಅಡ್ಡಡ್ಡ ಅಲುಗಿದರೆ ಆಸರೆಗೆ ಎಷ್ಟು ಏಟು, ಮೇಲೆ ಕೆಳಗೆ ಕುಲುಕಿದರೆ ಎಷ್ಟು ಏಟು ಎಂದು ಕಂಪನಿಯ ಪ್ರೋಗ್ರಾಮು ಬೇರೆ ಬೇರೆಯಾಗಿ ಕಂಡುಹಿಡಿಯುತ್ತದೆ. ಏಟಿನ ಜೋರು ಗೊತ್ತಾಗುತ್ತದೆಯೇ ಹೊರತು ಅದು ಎಡಕ್ಕೋ ಬಲಕ್ಕೋ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಪ್ರೋಗ್ರಾಮು ಮಾತ್ರ ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಹಾಕಿ, ಎರಡನ್ನೂ ಕೂಡಿಸಿ, ಒಂದರಿಂದ ಇನ್ನೊಂದನ್ನು ಅಳಿಸಿಬಿಡುತ್ತಿತ್ತು. ಉಳಿಯುತ್ತಿದ್ದದ್ದು ಚೂರು. ಆ ಚೂರನ್ನು ನಂಬಿ ಆಸರೆ ಕಟ್ಟಿದ್ದರು. ಸ್ಥಾವರ ನಡೆಯುತ್ತಲೂ ಇತ್ತು.

"ದೇವರೇ" ಎಂದಳು.

"ನಾನೂ ಅದೇ ಅಂದೆ. ಕಿತ್ತಳೆ ತಿನ್ನಿ, ಸ್ವಲ್ಪ ಧೈರ್ಯ ಬರುತ್ತೆ."

*

ಅವಳಿಗೆ ಆ ಮಾತನ್ನು ಪೂರ್ತಿ ನಂಬಿಸಿದ್ದು ಕೆಫೆಟೇರಿಯದ ಒಂದು ಬಟ್ಟಲು ಟೊಮೆಟೊ ಸೂಪು.

ಗ್ಲೆನ್ ಟ್ರೇಯನ್ನು ಇಬ್ಬರ ಮಧ್ಯೆ ಇಟ್ಟ. "ನೀವು ಆ ಕಡೆಯಿಂದ ತಳ್ಳಿ, ನಾನು ಈ ಕಡೆಯಿಂದ. ಒಟ್ಟಿಗೆ."

ತಳ್ಳಿದರು. ಟ್ರೇ ಅಲುಗಲಿಲ್ಲ. ಸೂಪಿನ ಮೇಲೆ ಒಂದು ಸುಕ್ಕೂ ಬೀಳಲಿಲ್ಲ.

"ನೋಡಿ, ಮೆಷಿನ್ ಹೇಳೋದು ಇದನ್ನೇ. ಏನೂ ಆಗಲ್ಲ ಅಂತ. ಈಗ ನೀವು ಕೈ ತೆಗೀರಿ." ಅವನು ಒಂದೇ ಒಂದು ತಳ್ಳು ತಳ್ಳಿದ. ಸೂಪು ಚೆಲ್ಲಿ ಅವಳ ತೋಳಿನ ಅಂಚಿಗೆ ಬಡಿಯಿತು.

"ಅಯ್ಯೋ, ಕ್ಷಮಿಸಿ, ಇಷ್ಟು ಜೋರಾಗಿ ಅಂದ್ಕೊಂಡಿರ್ಲಿಲ್ಲ." ಅವನ ಮುಖ ಸೂಪಿಗಿಂತ ಕೆಂಪಾಯಿತು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದ. ಅವಳ ಕೈ ಮುಟ್ಟುವ ಮುನ್ನ ತಡೆದು, ಕರವಸ್ತ್ರವನ್ನು ಮೇಜಿನ ಮೇಲಿಟ್ಟು, ಅವಳ ಕಡೆ ಸರಿಸಿದ.

ಅವಳಿಗೆ ನಗು ತಡೆಯಲಾಗಲಿಲ್ಲ. "ಭೂಕಂಪ ಕರವಸ್ತ್ರ ಕೊಡಲ್ಲ ಮಿಸ್ಟರ್ ಹಮಾಸಾಕಿ."

"ಕೊಡೋ ಭೂಕಂಪ ನಾನೊಬ್ನೇ."

ಪಕ್ಕದ ಮೇಜುಗಳಲ್ಲಿ ಚಮಚಗಳ ಸದ್ದು ನಿಂತದ್ದನ್ನು ಅವಳು ಗಮನಿಸಲಿಲ್ಲ. ಆ ದಿನ ಅವಳಿಗೆ ಕಂಡದ್ದು, ಅವನು ತನ್ನ ಪಾಲಿನ ಬ್ರೆಡ್ಡನ್ನು ಅವಳ ತಟ್ಟೆಯ ಅಂಚಿಗೆ ಸದ್ದಿಲ್ಲದೆ ಸರಿಸಿದ್ದು ಮಾತ್ರ.

ಹಳೆಯ ಲೆಕ್ಕವನ್ನು ಮೆಷಿನ್ನಿನ ಹಂಗಿಲ್ಲದೆ ಕೈಯಿಂದಲೇ ಮತ್ತೆ ಮಾಡಲು ಒಡೀಲಿಯ ಕುಳಿತಳು. ಪದ್ಧತಿ ಮೀರುವ ಹಾಗಿರಲಿಲ್ಲ; ಲೆಕ್ಕ ಅವಳದು, ತಪಾಸಣೆ ಅವನದು. ಅವಳು ಬರೆಯುವಾಗ ಅವನು ನೋಡುತ್ತಿರಲಿಲ್ಲ. ಅವನು ಹಳದಿ ಎಳೆಯುವಾಗ ಅವಳು ಮಾತಾಡುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಒಂದೇ ಮೇಜು. ಅಲ್ಲಿ ಲೆಕ್ಕದ ಮಾತಿಲ್ಲ ಎಂದು ಅವಳೇ ಕರಾರು ಹಾಕಿದ್ದಳು.

ಲೆಕ್ಕ ಬಿಟ್ಟರೆ ಇಬ್ಬರಿಗೂ ಇಷ್ಟೊಂದು ಮಾತಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಅವಳು ಅಪ್ಪನ ಮಾತಾಡಿದಳು. ದೂರದ ಅಸೋರೆಸ್ ದ್ವೀಪದಿಂದ ವಲಸೆ ಬಂದು ಹಸು ಕರೆದು ಬದುಕಿದವನು, ಮಗಳ ಡಿಗ್ರಿಯನ್ನು ಹಟ್ಟಿಯ ಗೋಡೆಗೇ ತೂಗುಹಾಕಿದ್ದವನು. ಮದುವೆ ಗೊತ್ತಾಗಿದ್ದ ಹುಡುಗನ ಮಾತೂ ಬಂತು. "ಕೆಲಸ ಬಿಡು ಅಂದ. ಬಿಟ್ಟೆ, ಅವನನ್ನ."

ಗ್ಲೆನ್ ಜೋರಾಗಿ ನಕ್ಕ. ಆಮೇಲೆ ತನ್ನ ಅಪ್ಪನ ಕಥೆ ಹೇಳಿದ, ಕಿತ್ತಳೆಯ ಸಿಪ್ಪೆಯನ್ನು ತುಂಡಾಗದಂತೆ ಒಂದೇ ಎಳೆಯಾಗಿ ಸುಲಿಯುತ್ತ.

"ನಾನು ಹುಟ್ಟಿದ್ದು ಮುಳ್ಳುತಂತಿ ಒಳಗೆ. ಜಪಾನ್ ಜೊತೆ ಯುದ್ಧದ ಕಾಲ, ಇಲ್ಲಿದ್ದ ಜಪಾನಿ ಮೂಲದ ನಮ್ಮವರನ್ನೆಲ್ಲ ಸರ್ಕಾರದವರು ಕ್ಯಾಂಪಿಗೆ ಹಾಕಿದ್ರಲ್ಲ, ಅಲ್ಲಿ. ಒಂದಿನ ಎಲ್ಲರಿಗೂ ಒಂದು ಕಾಗದ ಕೊಟ್ರಂತೆ. ಜಪಾನಿನ ಚಕ್ರವರ್ತಿ ಮೇಲಿನ ನಿಷ್ಠೆ ಬಿಟ್ಟೆ ಅಂತ ಒಪ್ಕೊಳಿ ಅಂತ. ಅಪ್ಪ ಹುಟ್ಟಿದ್ದು ಇಲ್ಲೇ, ಈ ಕಣಿವೇಲೇ. ಬೆಳೆದದ್ದು ಏಪ್ರಿಕಾಟ್ ತೋಟದಲ್ಲಿ. ಇಲ್ಲದೆ ಇರೋ ನಿಷ್ಠೆನ ಬಿಟ್ಟೆ ಅಂತ ಹೆಂಗೆ ಬರೀಲಿ ಅಂದ್ರು. 'ಇಲ್ಲ' ಅಂತ ಬರೆದ್ರು. ಅದಕ್ಕೆ ಇನ್ನೂ ಕೆಟ್ಟ ಕ್ಯಾಂಪಿಗೆ ಹಾಕಿದ್ರು."

"ಪಶ್ಚಾತ್ತಾಪ ಪಟ್ರಾ?"

"ಅಮ್ಮ ಪಟ್ಟಳು, ಚಳಿಗೆ. ಅಪ್ಪ ಇಲ್ಲ." ಸಿಪ್ಪೆಯ ಎಳೆಯನ್ನು ಮತ್ತೆ ಉಂಡೆಯಾಗಿ ಸುತ್ತಿ, ಒಳಗೆ ಹಣ್ಣೇ ಇದೆಯೇನೋ ಎಂಬಂತೆ ಅವಳ ಮುಂದಿಟ್ಟ. "ಸುಳ್ಳಿಗೆ ಸೈನ್ ಮಾಡಿದ ಕೈ ಆಮೇಲೆ ಯಾವ ಕೆಲಸಕ್ಕೂ ಬರಲ್ಲ ಅಂತಿದ್ರು."

ಆ ಖಾಲಿ ಸಿಪ್ಪೆಯ ಉಂಡೆಯನ್ನು ಅವಳು ಮೇಜಿನ ಡ್ರಾದಲ್ಲಿ ಇಟ್ಟುಕೊಂಡಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಭಾನುವಾರ ಕ್ಯಾಥೊಲಿಕ್ ಚರ್ಚಿನಿಂದ ಬಂದು ಅಮ್ಮ ಫಿಲೊಮೆನ ಸೊಪ್ಪಿನ ಸಾರಿಗೆ ಎಲೆ ಹೆಚ್ಚುತ್ತಿದ್ದಳು. ಕತ್ತಿಯ ಸದ್ದು ನಿಲ್ಲಿಸದೆಯೇ ಕೇಳಿದಳು: "ಈ ಗ್ಲೆನ್ ಗ್ಲೆನ್ ಅಂತ ಎಷ್ಟು ಸಲ ಅಂತೀಯೇ? ಯಾರು ಅವನು? ನಮ್ಮವನಾ?"

"ಜಪಾನಿಯವರು ಅಮ್ಮ. ಅಂದ್ರೆ, ಇಲ್ಲಿಯವರೇ. ಕೆಲಸದ ಸ್ನೇಹಿತ, ಅಷ್ಟೇ."

"ಪ್ರೊಟೆಸ್ಟಂಟಾ?"

"ಬೌದ್ಧ."

ಫಿಲೊಮೆನ ಒಂದು ಗಳಿಗೆ ಯೋಚಿಸಿದಳು. "ಪ್ರೊಟೆಸ್ಟಂಟ್‌ಗಿಂತ ವಾಸಿ" ಎಂದು ಮತ್ತೆ ಹೆಚ್ಚತೊಡಗಿದಳು. "ಹಣ್ಣು ಡಬ್ಬಿ ಮಾಡೋ ಫ್ಯಾಕ್ಟರೀಲಿ ನನ್ನ ಪಕ್ಕ ಒಬ್ಳು ಜಪಾನಿಯೋಳು ಇದ್ಲು. ನನ್ನ ಬೆರಳು ಕುಯ್ದಾಗ ಅವಳ ಗ್ಲೌಸ್ ಬಿಚ್ಚಿ ನಂಗೆ ಹಾಕಿದ್ಲು. ಇಡೀ ದಿನ ಬರಿಗೈಲಿ ಹಣ್ಣು ಕುಯ್ದಳು, ಪಾಪ." ಆಮೇಲೆ, ಮಗಳ ಮುಖ ನೋಡದೆ: "ಸ್ನೇಹಿತನಿಗೆ ಸಾರು ಕಳಿಸ್ಲಾ, ಡಬ್ಬೀಲಿ?"

*

ಹೊಸ ಲೆಕ್ಕ ಮುಗಿಯಿತು. ಕೊನೆಯಲ್ಲಿ ಏಟುಗಳನ್ನು ಕೂಡಿಸುವಾಗ ಒಡೀಲಿಯ ತನ್ನ ನೇರ ಕೂಡಿಕೆಯನ್ನು ಬಿಟ್ಟು ಬೇಕೆಂದೇ ಅವನ ವರ್ಗಮೂಲವನ್ನು ಬಳಸಿದಳು. ಹೆದರಿಸಲು ಲೆಕ್ಕ ಹಿಗ್ಗಿಸಿದಳೆಂದು ಯಾರೂ ಹೇಳಬಾರದಲ್ಲ. ಹಾಗೆ ಮಾಡಿದರೂ ಆಸರೆಗಳು ತಡೆಯುತ್ತಿರಲಿಲ್ಲ. ದೊಡ್ಡ ಭೂಕಂಪವೊಂದು ಬಂದರೆ ಪೈಪು ಆಸರೆಯಿಂದ ಕಳಚಿ ಹೋಗಬಹುದಿತ್ತು. ಸ್ಥಾವರ ನಿಲ್ಲಿಸಿ ಆಸರೆ ಬಲಪಡಿಸಬೇಕು, ಬೇರೆ ದಾರಿಯಿಲ್ಲ. ಗ್ಲೆನ್ ಕೊನೆಯ ಅಂಕಿಯ ಮೇಲೆ ಹಳದಿ ಎಳೆದು ಸಹಿ ಹಾಕಿದ. ಹಾಳೆಗಳು ಮೇಲಕ್ಕೆ ಹೋದವು.

ಮೇಲೆ ಇದ್ದವನು ವಾರೆನ್ ಲಿಂಡ್‌ಕ್ವಿಸ್ಟ್, ವಿಭಾಗದ ಮುಖ್ಯಸ್ಥ. ಕೆಟ್ಟವನಲ್ಲ. ಆದರೆ ನಡೆಯುವ ಸ್ಥಾವರವನ್ನು ನಿಲ್ಲಿಸಿ ಎಂದು ಫೋನು ಮಾಡುವ ಎದೆಗಾರಿಕೆ ಅವನಿಗಿರಲಿಲ್ಲ. ಅಂಥವರು ತಪ್ಪು ಹುಡುಕುವುದು ಲೆಕ್ಕದಲ್ಲಿ ಅಲ್ಲ, ಲೆಕ್ಕ ಮಾಡಿದವರಲ್ಲಿ.

ಅವಳನ್ನು ಕರೆಸಿ ಬಾಗಿಲು ಹಾಕಿದ.

"ಕೂತ್ಕೋ ಒಡೀಲಿಯ. ಒಂದು ಸಣ್ಣ ತೊಡಕು. ತಪಾಸಣೆ ಮಾಡೋನು ಲೆಕ್ಕ ಮಾಡಿದವರಿಂದ ಬೇರೆಯಾಗಿರ್ಬೇಕು ಅಂತ ನಿಯಮ. ನಿಂಗೇ ಗೊತ್ತು."

"ಬೇರೆಯಾಗೇ ಇದ್ವಿ."

"ಹಂಗಾ? ಇಡೀ ಕೆಫೆಟೇರಿಯ ನೋಡಿದೆ. ಒಂದೇ ಟ್ರೇ, ಒಂದೇ ಬಟ್ಟಲು. ನಿಮ್ಮಮ್ಮನ ಸಾರು ಅವನ ಮೇಜಿನ ಮೇಲೆ." ಅವನ ತುಟಿ ಸ್ವಲ್ಪ ಕೊಂಕಿತು. "ನಾಳೆ ಯಾರಾದ್ರೂ ಕೇಳಿದ್ರೆ? ಪ್ರೀತಿ ಮಾಡೋರು ಒಬ್ಬರ ಲೆಕ್ಕಕ್ಕೆ ಒಬ್ರು ಹಳದಿ ಬಳ್ಕೊಂಡ್ರು ಅಂದ್ರೆ? ಎರಡು ಸಹಿ ಇದ್ರೂ ಅದು ಒಂದೇ ಸಹಿ ಆಗುತ್ತೆ. ಹಾಳೆ ಕಸದ ಬುಟ್ಟಿಗೆ."

ಒಡೀಲಿಯಳ ಕಿವಿ ಬಿಸಿಯಾಯಿತು. ಅವನು ಟೈಪು ಮಾಡಿಸಿಟ್ಟಿದ್ದ ಒಂದು ಕಾಗದವನ್ನು ಅವಳ ಮುಂದೆ ಸರಿಸಿದ.

"ಸುಲಭದ ದಾರಿ ಇದೆ. ಒಂದೇ ವಾಕ್ಯ. ಸೈನ್ ಮಾಡು, ಹಾಳೆ ಈವತ್ತೇ ಮುಂದಕ್ಕೆ ಹೋಗುತ್ತೆ. ಮಾತು ಕೊಡ್ತೀನಿ."

ಅವಳು ಓದಿದಳು. 'ನನಗೂ ಗ್ಲೆನ್ ಹಮಾಸಾಕಿಯವರಿಗೂ ಕೆಲಸದ ಹೊರತಾಗಿ ಬೇರೆ ಸಂಬಂಧವಾಗಲಿ ಭಾವನೆಯಾಗಲಿ ಇಲ್ಲ.'

ಇಷ್ಟೇ. ಪೆನ್ನು ಕೈಗೆತ್ತಿಕೊಂಡಳು.

ಸುಳ್ಳೇನಿತ್ತು ಅದರಲ್ಲಿ? ಅವನು ಒಂದು ಮಾತು ಆಡಿರಲಿಲ್ಲ. ಅವಳೂ ಆಡಿರಲಿಲ್ಲ. ಅವನ ಬೆರಳು ಅವಳ ಬೆರಳಿಗೆ ತಾಗಿರಲಿಲ್ಲ. ಕರವಸ್ತ್ರವನ್ನೂ ಮೇಜಿನ ಮೇಲಿಂದಲೇ ಸರಿಸಿದ್ದ. ಸಹಿ ಹಾಕಿದರೆ ಪೆಲಿಕನ್ ಬ್ಲಫ್ ನಿಲ್ಲುತ್ತದೆ, ಆಸರೆ ಗಟ್ಟಿಯಾಗುತ್ತದೆ, ಆ ಕಡಲ ದಂಡೆಯ ಊರುಗಳ ಜನ ಏನೂ ತಿಳಿಯದೆ ನೆಮ್ಮದಿಯಾಗಿ ಮಲಗುತ್ತಾರೆ. ಒಂದು ಹೆಂಗಸಿನ ಹೇಳದ ಮಾತು ಅದಕ್ಕಿಂತ ದೊಡ್ಡದೇ?

ಆದರೆ ಪೆನ್ನು ಇಳಿಯಲಿಲ್ಲ. 'ಇಲ್ಲ' ಎಂಬ ಆ ಪದವನ್ನೇ ನೋಡಿದಳು. ಇದೂ ಅದೇ ಲೆಕ್ಕ ಅಲ್ಲವೇ? ಇರುವ ಎರಡು ಬಲಗಳ ಮಧ್ಯೆ ಒಂದು ಮೈನಸ್ ಹಾಕಿ, ಏನೂ ಇಲ್ಲ ಎಂದು ತೋರಿಸುವುದು. ಹೀಗೆ ಅಳಿಸಿದ್ದನ್ನು ನಂಬಿಯಲ್ಲವೇ ಅಲ್ಲಿ ಆಸರೆ ಕಟ್ಟಿದ್ದು? ಒಂದು ಸುಳ್ಳು ಲೆಕ್ಕ ತಿದ್ದಲು ಇನ್ನೊಂದಕ್ಕೆ ಸಹಿ ಹಾಕಬೇಕೆ?

ಪೆನ್ನು ಕೆಳಗಿಟ್ಟಳು. ಲಿಂಡ್‌ಕ್ವಿಸ್ಟನ ಮೇಜಿನ ಮೇಲಿದ್ದ ಕೆಂಪು ಪೆನ್ಸಿಲನ್ನು ಎತ್ತಿಕೊಂಡಳು. 'ಇಲ್ಲ' ಎಂಬ ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಬರೆದಳು: 'ಇದು ಎಲ್ಲಿಂದ ಬಂತು?'

"ಏನಿದು?" ಎಂದ ಅವನು.

"ತಪ್ಪಿದೆ. ತಿದ್ದಿದ್ದೀನಿ." ಅವಳ ಮಾತು ಕಡ್ಡಿ ಮುರಿದ ಹಾಗೆ ಬಂತು. "ನನ್ನ ಕಡೆಯಿಂದ ಭಾವನೆ ಇದೆ ವಾರೆನ್. ಈ ಕುರ್ಚೀಲಿ ಕೂತ್ಕೊಳ್ಳೋ ತನಕ ನಂಗೇ ಗೊತ್ತಿರ್ಲಿಲ್ಲ. ನೀನೇ ಹುಡುಕಿ ಕೊಟ್ಟೆ, ಥ್ಯಾಂಕ್ಸ್."

ಲಿಂಡ್‌ಕ್ವಿಸ್ಟ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಬಹಳ ಸುಸ್ತಾದವನಂತೆ ಕಂಡ.

"ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ. ಬೆಳಿಗ್ಗೆ ಅವನಿಗೂ ಇಂಥದ್ದೇ ಕಾಗದ ಕೊಟ್ಟೆ. ನಿಮ್ಮಲ್ಲಿ ಒಬ್ರು ಸೈನ್ ಮಾಡಿದ್ರೂ ಸಾಕಿತ್ತು."

ಅವಳು ಕಾಗದದಿಂದ ತಲೆಯೆತ್ತಿದಳು. "ಏನಂದ?"

"'ನನ್ನ ಕಡೆಯಿಂದ ಇದು ಸುಳ್ಳು. ಅವರ ಕಡೆಯದ್ದು ಅವರನ್ನೇ ಕೇಳಿ' ಅಂದ. ಅವರಪ್ಪನ ವಿಷಯ ಏನೋ ಹೇಳಿ ಎದ್ದು ಹೋದ."

ಹೊರಗೆ ಯಾರದೋ ಟೈಪ್‌ರೈಟರು ಟಕಟಕ ಎನ್ನುತ್ತಿತ್ತು. ಒಡೀಲಿಯ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನಗಬೇಕೋ ಅಳಬೇಕೋ ತಿಳಿಯದ ಹೊತ್ತಿನಲ್ಲಿ ಹೆಂಗಸರು ಕೈಯನ್ನಾದರೂ ಹಿಡಿದುಕೊಳ್ಳುತ್ತಾರೆ.

"ಹಂಗಾದ್ರೆ ತಪಾಸಣೆ ರದ್ದು" ಎಂದ ಲಿಂಡ್‌ಕ್ವಿಸ್ಟ್. "ಹಾಳೆ ಸತ್ತಹಾಗೆ."

"ತಪಾಸಣೆ ರದ್ದು ಮಾಡು. ಲೆಕ್ಕ ರದ್ದಾಗಲ್ಲ." ಎದ್ದು ನಿಂತಳು. "ಬೇರೆ ಚೆಕ್ಕರ್ ಹುಡುಕ್ತೀನಿ. ನಂಗೂ ಆ ಚೆಕ್ಕರ್‌ಗೂ ಪ್ರೀತಿ ಇದೆ ಅಂತ ದೇವರು ಬಂದು ಹೇಳಿದ್ರೂ ಯಾರೂ ನಂಬಬಾರ್ದು, ಅಂಥವರನ್ನ."

"ಯಾರದು?"

"ಓರ್ವಿಲ್ ಪ್ರೂಯಿಟ್."

ಲಿಂಡ್‌ಕ್ವಿಸ್ಟ್ ನಕ್ಕೇಬಿಟ್ಟ. "ಆ ಪ್ರೋಗ್ರಾಮ್ ಬರೆದವರೇ ಅವರು, ಮಾರಾಯ್ತಿ!"

"ಅದಕ್ಕೇ."

*

ಪ್ರೂಯಿಟ್ ಮೂಲೆಯ ಕೋಣೆಯಲ್ಲಿ ಕೂರುವ ಮುದುಕ, ನಿವೃತ್ತಿಯ ಅಂಚಿನವರು. ಬೋ ಟೈ ಬಿಟ್ಟು ಬರುತ್ತಿರಲಿಲ್ಲ. ಒಡೀಲಿಯ ಕೆಲಸಕ್ಕೆ ಸೇರಿದ ದಿನ ಅವಳ ಕೈಗೆ ಟೈಪು ಮಾಡಲು ಕಾಗದ ಕೊಟ್ಟಿದ್ದವರು. ಅವಳು ಎಂಜಿನಿಯರು ಎಂದು ಗೊತ್ತಾದ ಮೇಲೂ ಕಾಗದ ವಾಪಸು ತೆಗೆದುಕೊಂಡಿರಲಿಲ್ಲ.

"ನಾನ್ಯಾಕೆ ನೋಡ್ಬೇಕು?" ಎಂದರು ತಲೆಯೆತ್ತದೆ.

"ತಪ್ಪು ಹುಡುಕೋಕೆ ಸರ್. ನನ್ನದರಲ್ಲಿ ತಪ್ಪು ಸಿಕ್ರೆ ನಿಮ್ಮಷ್ಟು ಖುಷಿ ಪಡೋರು ಈ ಬಿಲ್ಡಿಂಗಲ್ಲಿ ಇನ್ನೊಬ್ರಿಲ್ಲ."

ಮುದುಕರ ಬಿಳಿ ಹುಬ್ಬು ಮೇಲೇರಿತು. ಹಾಳೆಗಳ ಕಡೆ ಕೈ ಚಾಚಿದರು. ಅವಳು ತಿರುಗಿದಾಗ ಹಿಂದಿನಿಂದ ಪೆನ್ಸಿಲ್ ಹೆರೆಯುವ ಸದ್ದು ಕೇಳಿತು. ಕೆಂಪೋ ಹಳದಿಯೋ ಗೊತ್ತಾಗಲಿಲ್ಲ.

ಅವರು ಮುಗಿಸುವ ತನಕ ಒಡೀಲಿಯ ಗ್ಲೆನ್ ಜೊತೆ ಮಾತಾಡಲಿಲ್ಲ. ಅವನೂ ಆಡಲಿಲ್ಲ. ಇಬ್ಬರೂ ಕೂತು ನಿಶ್ಚಯಿಸಿದ್ದಲ್ಲ. ಈಗ ಹಾಳೆಗೆ ಮಸಿ ಬಳಿಯಲು ಯಾರಿಗೂ ನೆವ ಸಿಗಬಾರದೆಂದು ಇಬ್ಬರಿಗೂ ಹೊಳೆದಿತ್ತು, ಅಷ್ಟೇ. ಅವನು ಹೇಳಿದ ಮಾತು ಅವಳಿಗೆ ಗೊತ್ತಿತ್ತು. ಅವಳು ಹೇಳಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅದೇ ಅವಳಿಗೆ ಗೊತ್ತಿರಲಿಲ್ಲ.

ಕಾರಿಡಾರಿನಲ್ಲಿ ಎದುರಾದರೆ ಅವನು ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದ. ಕಣ್ಣು ನೆಲದ ಮೇಲೆ. ಅವಳು ದಾಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಬೆನ್ನಿನ ಮೇಲೆ ಬಿಸಿಲು ಬಿದ್ದಂತಾಗುತ್ತಿತ್ತು. ತಿರುಗಿ ನೋಡಬಾರದು. ನೋಡುತ್ತಿರಲಿಲ್ಲ. ಮಧ್ಯಾಹ್ನ ಮೇಜುಗಳ ಸಾಲಿನ ಆಚೆಯಿಂದ ಕಿತ್ತಳೆ ಸುಲಿದ ವಾಸನೆ ತೇಲಿ ಬರುತ್ತಿತ್ತು. ಆ ವಾಸನೆಯನ್ನು ಯಾವ ನಿಯಮವೂ ತಡೆಯುವಂತಿರಲಿಲ್ಲ. ಒಡೀಲಿಯ ಡ್ರಾ ಅರ್ಧ ತೆರೆದು, ಒಣಗಿ ಗಟ್ಟಿಯಾಗಿದ್ದ ಸಿಪ್ಪೆಯ ಉಂಡೆಯನ್ನು ಒಂದು ಬೆರಳಿನಿಂದ ಮುಟ್ಟಿ, ಮತ್ತೆ ಡ್ರಾ ಮುಚ್ಚುತ್ತಿದ್ದಳು.

ಗಂಡಸರು ನಗಾಡಿದರು. "ಮುದುಕ ಅವಳನ್ನ ಹುರಿದು ತಿಂತಾನೆ" ಎಂದರು. ಅವಳು ತಲೆಯೆತ್ತಿಯೇ ನಡೆದಳು. ಸೋತರೆ ಕೆಲಸ ಹೋಗುತ್ತದೆ, ಹೋಗಲಿ. ಬರೆದ ಒಂದು ಅಂಕಿಯನ್ನೂ, ಆಡಿದ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ.

ಕೊನೆಗೊಂದು ಬೆಳಿಗ್ಗೆ ಮೂಲೆಯ ಕೋಣೆಯ ಬಾಗಿಲು ತೆರೆಯಿತು. ಪ್ರೂಯಿಟ್ ಹಾಳೆಗಳನ್ನು ಎದೆಗೆ ಅವಚಿಕೊಂಡು ಮೇಜುಗಳ ಮಧ್ಯೆ ನಡೆದುಬಂದರು. ಯಾವತ್ತೂ ನೆಟ್ಟಗಿರುತ್ತಿದ್ದ ಬೋ ಟೈ ಓರೆಯಾಗಿತ್ತು. ಲಿಂಡ್‌ಕ್ವಿಸ್ಟನ ಬಾಗಿಲು ತಟ್ಟದೆ ತೆರೆದು, ಹಾಳೆಗಳನ್ನು ಅವನ ಮೇಜಿನ ಮೇಲೆ ಹರಡಿದರು. ಹೊರಗೆ ಕೂತವರಿಗೂ ಕಂಡಿತು. ಮೊದಲ ಹಾಳೆಯಿಂದ ಕೊನೆಯದರ ತನಕ ಹಳದಿ. ಬರೀ ಹಳದಿ.

"ಈ ಹೆಂಗಸು ನಂಗೆ ಹಿಡಿಸಲ್ಲ" ಎಂದರು, ಇಡೀ ಮಹಡಿಗೆ ಕೇಳುವಂತೆ. "ಮೊದಲಿನಿಂದ್ಲೂ ಹಿಡಿಸಲ್ಲ. ಲೆಕ್ಕ ಸರಿಯಾಗಿದೆ. ನನ್ನ ಪ್ರೋಗ್ರಾಮ್ ತಪ್ಪು. ಫೋನ್ ಎತ್ತು ವಾರೆನ್."

"ಓರ್ವಿಲ್, ಸ್ವಲ್ಪ ಯೋಚನೆ ಮಾಡಿ..."

"ನೀನು ಎತ್ತಲ್ಲ ಅಂದ್ರೆ ನಾನು ಎತ್ತುತ್ತೀನಿ. ನಂಗೆ ನಂಬರ್ ಗೊತ್ತು."

ಲಿಂಡ್‌ಕ್ವಿಸ್ಟ್ ಫೋನು ಎತ್ತಿದ.

ಹೋಗುವಾಗ ಮುದುಕರು ಒಡೀಲಿಯಳ ಮೇಜಿನ ಬಳಿ ನಿಂತರು. ಬಳಸಿ ಬಳಸಿ ಹೆಬ್ಬೆರಳಿನಷ್ಟಾಗಿದ್ದ ಹಳದಿ ಪೆನ್ಸಿಲನ್ನು ಅವಳ ಮುಂದಿಟ್ಟರು. ಬೋ ಟೈ ಸರಿಮಾಡಿಕೊಂಡು ಹೊರಟುಹೋದರು.

ಆ ವಾರವೇ ಪೆಲಿಕನ್ ಬ್ಲಫ್ ನಿಂತಿತು. ಆ ಪ್ರೋಗ್ರಾಮು ಬಳಸಿದ ಪ್ರತಿ ಲೆಕ್ಕವನ್ನೂ ಮತ್ತೆ ಮಾಡಬೇಕೆಂದು ಆದೇಶ ಬಂತು. ಕಂಪನಿ ಅವರಿಬ್ಬರಿಗೆ ಹಾರ ಹಾಕಲಿಲ್ಲ. ಗ್ಲೆನ್‌ನನ್ನು ರಸ್ತೆಯಾಚೆಯ ಕಟ್ಟಡಕ್ಕೆ ಹಾಕಿದರು. ಒಡೀಲಿಯಳಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಇಬ್ಬರೂ ಇನ್ನು ಮುಂದೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಪಾಸಣೆ ಮಾಡಕೂಡದು ಎಂದು ಲಿಂಡ್‌ಕ್ವಿಸ್ಟ್ ಅಪ್ಪಣೆ ಹೊರಡಿಸಿದ.

*

ಕೆಫೆಟೇರಿಯ ಮಾತ್ರ ಎರಡೂ ಕಟ್ಟಡಕ್ಕೆ ಒಂದೇ.

ಮಧ್ಯಾಹ್ನ, ಕಿಕ್ಕಿರಿದ ಹೊತ್ತು. ಗ್ಲೆನ್ ಕಿಟಕಿಯ ಪಕ್ಕ ಒಬ್ಬನೇ ಕೂತಿದ್ದ. ಒಡೀಲಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಳು. ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದಳು; ಆ ಕಚೇರಿಗೆ ಬೂದು ಬಣ್ಣ ಬಿಟ್ಟು ಬೇರೇನೂ ಹಾಕಿಕೊಂಡು ಬಂದವಳಲ್ಲ. ಸುತ್ತುಬಳಸಿ ಗೋಡೆ ಬದಿಯಿಂದ ಹೋಗಬಹುದಿತ್ತು. ಅವಳು ನಟ್ಟನಡುವೆ ನಡೆದಳು, ಪ್ರತಿ ಮೇಜಿನ ಮುಂದೆ ಹಾದು. ಚಮಚಗಳ ಸದ್ದು ಒಂದೊಂದಾಗಿ ನಿಂತಿತು. ಲಿಂಡ್‌ಕ್ವಿಸ್ಟನ ಮೇಜಿನ ಬಳಿ ಬಂದಾಗ ನಿಂತು, "ಊಟ ಆಯ್ತಾ ವಾರೆನ್?" ಎಂದು ಕೇಳಿಯೇ ಮುಂದೆ ಹೋದಳು.

ಗ್ಲೆನ್ ಎದ್ದು ನಿಂತ. ಅದೇ ಹಳೆಯ ಅಭ್ಯಾಸ.

"ಕೂತ್ಕೋ" ಎಂದಳು. ಮೊದಲ ಸಲ 'ಕೂತ್ಕೊಳ್ಳಿ' ಎನ್ನಲಿಲ್ಲ. ಅದು ಅವನಿಗೂ ಕೇಳಿಸಿತು, ಕೂರುವುದನ್ನೇ ಮರೆತ.

ಅವಳು ಟ್ರೇ ಇಟ್ಟಳು. ಒಂದು ಬಟ್ಟಲು ಟೊಮೆಟೊ ಸೂಪು.

"ಇನ್ನು ಮುಂದೆ ನನ್ನ ತಪ್ಪು ನೀನು ಹುಡುಕೋ ಹಾಗಿಲ್ವಂತೆ" ಎಂದಳು. "ಅಪ್ಪಣೆ ಆಗಿದೆ."

"ಓದಿದೆ." ಅವನ ಕಣ್ಣಂಚಿನಲ್ಲಿ ನಗು ಮೂಡಿತು. "ಸಂಸಾರಕ್ಕೆ ಒಳ್ಳೇ ನಿಯಮ."

"ಸಂಸಾರ ಅಂದವರು ಯಾರು?"

"ಯಾರೂ ಇಲ್ಲ. ಬಾಯಿ ತಪ್ಪಿ ಬಂತು." ಅವನು ಕೊನೆಗೂ ಕೂತ. "ಒಡೀಲಿಯ, ವಾರೆನ್ ಕೋಣೇಲಿ ನಾನು ಏನಂದೆ ಅಂತ ನಿಂಗೆ..."

"ಗೊತ್ತು. ನಾನೇನಂದೆ ಅಂತ ನಿಂಗೆ ಗೊತ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಇಷ್ಟು ದಿನ ಏನೂ ತಿಳಿಯದೆ, ಕೇಳದೆ, ಗೋಡೆಯ ಕಡೆ ಸರಿದು ಅವಳಿಗೆ ದಾರಿ ಬಿಟ್ಟಿದ್ದ. ಅದನ್ನು ನೆನೆದು ಒಡೀಲಿಯಳಿಗೆ ಕಣ್ಣು ತುಂಬಿ ಬಂತು. ಎಲ್ಲರೂ ನೋಡುತ್ತಿದ್ದರು. ನೋಡಲಿ.

"ಅದೇ ಕಾಗದ. ಅದೇ ದಿನ. ನೀನು ಬೆಳಿಗ್ಗೆ ಸೈನ್ ಹಾಕಲ್ಲ ಅಂದೆ, ನಾನು ಸಂಜೆ ಸೈನ್ ಹಾಕಲ್ಲ ಅಂದೆ. ನಂಗೆ ನಿಂದು ಗೊತ್ತಿರ್ಲಿಲ್ಲ, ನಿಂಗೆ ನಂದು ಗೊತ್ತಿರ್ಲಿಲ್ಲ." ಅವಳು ಮೇಜಿನ ಮೇಲೆ ಅಂಗೈ ತೆರೆದಿಟ್ಟಳು. "ಎರಡು ಏಟೂ ಪೂರ್ತಿ ಜೋರಲ್ಲಿ ಒಂದೇ ಕ್ಷಣಕ್ಕೆ ಬೀಳಲ್ಲ ಅಂತಿದ್ಯಲ್ಲ. ಈಗ ಹೇಳು ಗ್ಲೆನ್. ಇದನ್ನ ಹೆಂಗೆ ಕೂಡಿಸ್ತೀಯ?"

ಅವನು ಅವಳ ತೆರೆದ ಕೈಯನ್ನು ನೋಡಿದ. ಈ ಸಲ ಕರವಸ್ತ್ರ ಸರಿಸಲಿಲ್ಲ. ಇಡೀ ಕೆಫೆಟೇರಿಯದ ಕಣ್ಣೆದುರು ತನ್ನ ಕೈಯನ್ನು ಅವಳ ಕೈಯೊಳಗೆ ಇಟ್ಟ. ಟ್ರೇ ಅಲುಗಿ ಸೂಪು ಚೆಲ್ಲಿತು. ಇಬ್ಬರೂ ಕೈ ತೆಗೆಯಲಿಲ್ಲ.

"ವರ್ಗ ಬೇಡ, ವರ್ಗಮೂಲ ಬೇಡ" ಎಂದ, ಸೋತವನ ಸಂತೋಷದಲ್ಲಿ. "ನೇರವಾಗಿ ಕೂಡಿಸ್ತೀನಿ."